ಒಂದೇ ತೊಟ್ಟು ಹರಳೆಣ್ಣೆ

ಡಾಕ್ಟರು ಕತ್ತರಿಯನ್ನು ಮುಟ್ಟಲೇ ಇಲ್ಲ. ಮಗುವಿನ ಬಲಗಾಲನ್ನು ಮೆಲ್ಲಗೆ ಎತ್ತಿ ಹಿಡಿದರು, ಅಷ್ಟೆ. ತೊಡೆಯಿಂದ ಬೆರಳಿನವರೆಗೆ ಸುತ್ತಿದ್ದ ಪ್ಲಾಸ್ಟರು ಕಾಲುಚೀಲದ ಹಾಗೆ ತಾನಾಗಿಯೇ ಜಾರಿ ಅವರ ಕೈಗೆ ಬಂತು.

ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಆಮೇಲೆ ನನ್ನ ಮುಖ ನೋಡಿದರು.

“ಏನ್ರೀ, ಪ್ಲಾಸ್ಟರಿಗೆ ಒಗ್ಗರಣೆ ಕೊಟ್ಟಿದ್ದೀರಾ?”

ಪಕ್ಕದಲ್ಲಿದ್ದ ನರ್ಸಮ್ಮ ನಕ್ಕರು. ನನಗೆ ನಗು ಬರಲಿಲ್ಲ. ಹೊರಗೆ ಬಂದ ಕಾಲನ್ನು ನಾನು ನೋಡಿಬಿಟ್ಟಿದ್ದೆ. ಹಿಂದಿನ ವಾರ ಅರ್ಧಕ್ಕರ್ಧ ನೆಟ್ಟಗಾಗಿದ್ದ ಪಾದ ಮತ್ತೆ ಒಳಕ್ಕೆ ಹೊರಳಿತ್ತು. ಅಂಗಾಲು ನೆಲ ನೋಡುವ ಬದಲು ಇನ್ನೊಂದು ಕಾಲನ್ನು ನೋಡುತ್ತಿತ್ತು.

ಇದು ಕೆಲವು ತಿಂಗಳ ಹಿಂದಿನ ಮಾತು. ಪ್ರತಿ ವಾರ ಪತ್ರಿಕೆಯ ಈ ಜಾಗದಲ್ಲಿ ನಿಮಗೆ ನಮ್ಮೂರು ನ್ಯಾಮತಿಯ ಸಂತೆ, ಅಡಿಕೆ ಮಂಡಿಯ ಜಗಳ, ನಮ್ಮ ಅಪ್ಪನ ಕೋಪ ಎಲ್ಲವನ್ನೂ ಬರೆದು ತಲೆ ತಿಂದವನು ನಾನು. ಮಗಳು ಹುಟ್ಟಿದ್ದನ್ನು ಮಾತ್ರ ಬರೆಯಲಿಲ್ಲ. (ಪೇಡಾ ಕೇಳುತ್ತಾರೆಂದು ಜಿಪುಣ ಬಚ್ಚಿಟ್ಟ ಎಂದವರಿದ್ದೀರಿ. ಕ್ಷಮೆಯಿರಲಿ.) ಬರೆಯಲು ಕೈ ಬರಲಿಲ್ಲ. ಹೆದರಿದ್ದೆ.

ಗೌರಿ ಹುಟ್ಟುವಾಗಲೇ ಪಾದ ಹಾಗಿತ್ತು. ಸೂಲಗಿತ್ತಿ ಏನೂ ಹೇಳದೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಕೊಟ್ಟಳು. ನನ್ನ ಹೆಂಡತಿ ಪಾರ್ವತಿ ತಾನೇ ಬಟ್ಟೆ ಬಿಚ್ಚಿ ನೋಡಿದಳು. ಆಮೇಲೆ ಬಂದವರದೆಲ್ಲ ಒಂದೇ ಪ್ರಶ್ನೆ: “ಗ್ರಹಣದಾಗ ಏನಾರ ಹೆಚ್ಚಿದ್ಯೇನವ್ವ?” ಅವಳು ಬಸುರಿಯಾಗಿದ್ದಾಗ ನಮ್ಮ ಕಡೆ ಗ್ರಹಣವೇ ಆಗಿರಲಿಲ್ಲ. ಹಾಗೆಂದು ಹೇಳಿದರೆ, “ಹಂಗಾರೆ ಬ್ಯಾರೆ ಊರಾಗೆ ಆಗಿರಬಕು” ಎಂದವರೂ ಉಂಟು.

ಅಪ್ಪನ ಅಡಿಕೆ ಮಂಡಿಗೆ ಬರುವ ಒಬ್ಬರು ಸಮಾಧಾನ ಹೇಳಿದರು. “ಹೆಣ್ಣು ಕೂಸಲ್ಲೇನ್ರಿ ಸಾವ್ಕಾರ್ರೆ, ಬಿಡ್ರಿ. ಸೀರೆ ಮುಚ್ಚತೈತೆ.”

ಅಪ್ಪ ಅಡಿಕೆ ಆರಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. “ಮುಚ್ಚತೈತೆ. ಆದ್ರೆ ನಡೆಯೋದು ಸೀರೆ ಅಲ್ಲಲ್ಲಪ್ಪ, ಕಾಲು.”

ಆ ಮಾತಿನ ಭಾರ ನನಗೆ ಗೊತ್ತಿತ್ತು. ಚನ್ನಗಿರಿಯ ಸಂತೆಯಲ್ಲಿ ಹಗ್ಗ ಮಾರುವ ಒಬ್ಬರನ್ನು ಹುಡುಗನಾಗಿದ್ದಾಗಿನಿಂದ ನೋಡಿದ್ದೇನೆ. ಅವರು ಪಾದದ ಮೇಲ್ಭಾಗವನ್ನು ನೆಲಕ್ಕಿಟ್ಟು ನಡೆಯುತ್ತಿದ್ದರು. ನಮಗೆಲ್ಲ ಹಿಮ್ಮಡಿಯಲ್ಲಿ ಇರುವ ದಪ್ಪ ಚರ್ಮ ಅವರಿಗೆ ಪಾದದ ಬೆನ್ನ ಮೇಲಿತ್ತು. ಗೋಣಿ ಚೂರು ಸುತ್ತಿಕೊಂಡು, ತಮಾಷೆ ಮಾಡುತ್ತ, ಚೆನ್ನಾಗಿಯೇ ವ್ಯಾಪಾರ ಮಾಡುತ್ತಿದ್ದರು. ಆದರೆ ಗೌರಿ ಹುಟ್ಟಿದ ಮೇಲೆ ನನಗೆ ಅವರ ಮುಖ ನೆನಪಿಗೆ ಬರುತ್ತಲೇ ಇರಲಿಲ್ಲ. ಆ ಗೋಣಿ ಚೂರು ಬರುತ್ತಿತ್ತು.

ನಮ್ಮ ಅವ್ವ ಬೀದಿಯ ಕೂಸುಗಳಿಗೆಲ್ಲ ಎರೆಯುವವಳು. ಬಚ್ಚಲಲ್ಲಿ ಎರಡೂ ಕಾಲು ನೀಡಿ ಕೂತು, ಮೊಣಕಾಲಿನ ಕೆಳಗೆ ಕೂಸನ್ನು ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಮೂಗು ತಿದ್ದಿ, ತಲೆಯನ್ನು ಗುಂಡಗೆ ಒತ್ತಿ, ಕೈಕಾಲು ಎಳೆದು, ಬಿಸಿನೀರು ಸುರಿದಳೆಂದರೆ ಆ ಕೂಸು ಮಧ್ಯಾಹ್ನದವರೆಗೆ ಏಳುವುದಿಲ್ಲ. ನಮ್ಮ ಬೀದಿಯ ಮೂಗುಗಳೆಲ್ಲ ತನ್ನ ಕೈಯಲ್ಲೇ ಆದದ್ದು ಎಂಬ ಹಮ್ಮು ಅವಳಿಗಿದೆ. (ನನ್ನ ಮೂಗಿನ ಬಗ್ಗೆ ಕೇಳಿದರೆ ಮಾತು ತಿರುಗಿಸುತ್ತಾಳೆ.)

“ನನ್ನ ಕೈಗೆ ಕೊಡು, ತಿಂಗಳೊಪ್ಪತ್ತಿನಾಗೆ ನೆಟ್ಟಗೆ ಮಾಡ್ತೀನಿ” ಎಂದಳು. ಮಾಡಿದಳು, ದಿನವೂ. ಪಾದ ಅವಳ ಕೈಯಲ್ಲಿರುವಷ್ಟು ಹೊತ್ತು ನೆಟ್ಟಗಿರುತ್ತಿತ್ತು. ಬಿಟ್ಟೊಡನೆ ಹೊರಳುತ್ತಿತ್ತು. ಕೊನೆಗೆ ಅವಳೇ, “ನನ್ನ ಕೈಲಿ ಆಗಾಕಿಲ್ಲಪ್ಪ, ಶಿವಮೊಗ್ಗೆಗೆ ಕರ್ಕಂಡ್ಹೋಗು” ಎಂದಳು. ಹಾಗೆ ಹೇಳುವುದು ಅವಳಿಗೆ ಸುಲಭವಾಗಿರಲಿಲ್ಲ.

ಶಿವಮೊಗ್ಗೆಯ ಡಾಕ್ಟರು ಮಾಡಿದ್ದೂ ಅದನ್ನೇ, ಒಂದು ವ್ಯತ್ಯಾಸದೊಂದಿಗೆ. ಪಾದವನ್ನು ಸ್ವಲ್ಪವೇ ಸ್ವಲ್ಪ ತಿರುಗಿಸಿ, ಅದು ಹಿಂದಕ್ಕೆ ಹೊರಳದ ಹಾಗೆ ಪ್ಲಾಸ್ಟರು ಸುತ್ತಿದರು. ಪ್ರತಿ ಮಂಗಳವಾರ ಹಳೆಯದನ್ನು ತೆಗೆದು, ಇನ್ನೂ ಸ್ವಲ್ಪ ತಿರುಗಿಸಿ, ಹೊಸದು ಹಾಕಬೇಕು. ತಿಂಗಳುಗಟ್ಟಲೆ.

“ಮೂಳೆ ಎಳೆಯದಾಗಿರುವಾಗಲೇ ಬಗ್ಗಬೇಕು. ಬಲಿತರೆ ಕತ್ತಿ ಹಾಕಬೇಕಾಗುತ್ತೆ. ಅದೂ ಪೂರ್ತಿ ಸರಿಹೋಗುತ್ತೆ ಅಂತ ಹೇಳಲಾರೆ” ಎಂದರು. ಎರಡು ಕಟ್ಟಪ್ಪಣೆ ಕೊಟ್ಟರು. ಒಂದು, ಪ್ಲಾಸ್ಟರು ತೋಯಬಾರದು. ಅಂದರೆ ಎರೆಯುವ ಹಾಗಿಲ್ಲ. ಇನ್ನೊಂದು, ಹೊರಗೆ ಕಾಣುವ ಬೆರಳುಗಳನ್ನು ಒತ್ತಿ ನೋಡುತ್ತಿರಬೇಕು. ಒತ್ತಿದಾಗ ಬೆಳ್ಳಗಾಗಿ, ಬಿಟ್ಟಾಗ ಕೆಂಪಗಾದರೆ ಸರಿ. ನೀಲಿಯಾದರೆ ಓಡಿ ಬರಬೇಕು.

ಈ ಎರಡನೆಯದನ್ನು ನಮ್ಮವರು ಎಷ್ಟು ಚೆನ್ನಾಗಿ ಪಾಲಿಸಿದರು ಗೊತ್ತೇ? ನಮ್ಮ ಮನೆಗೆ ಬಂದವರು ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದದ್ದು ಯೋಗಕ್ಷೇಮವನ್ನಲ್ಲ. “ಬೆರಳು ಕೆಂಪಗೈತಾ?”

ಬಸ್ಸಿನಲ್ಲೂ ಹಾಗೆಯೇ. ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲ. ನಮ್ಮದು ಇದ್ದಿಲು ಗ್ಯಾಸಿನ ಬಸ್ಸು. ಏರು ಬಂದರೆ ನಿಲ್ಲುತ್ತದೆ. ನಿಂತಾಗೆಲ್ಲ ಯಾರಾದರೊಬ್ಬರು ಎದ್ದು ಬಂದು ಗೌರಿಯ ಬೆರಳು ಒತ್ತಿ, “ಸರಿ ಐತೆ” ಎಂದು ಉಳಿದವರಿಗೆ ವರದಿ ಒಪ್ಪಿಸುತ್ತಿದ್ದರು. ಕಂಡಕ್ಟರಂತೂ ಪ್ಲಾಸ್ಟರನ್ನು ತಟ್ಟಿ ನೋಡಿ, “ಕೂಸಿಗೆ ಟಿಕೆಟ್ ಇಲ್ಲ ಬಿಡ್ರಿ, ಇದಕ್ಕೆ ಲಗೇಜ್ ಹಾಕಬೇಕು” ಎನ್ನುತ್ತಿದ್ದ. ಹಾಕಲಿಲ್ಲ. ನಾವು ತಡವಾದ ಮಂಗಳವಾರ ಬಸ್ಸು ನಮಗಾಗಿ ಕಾದಿದೆ. ಕಾದದ್ದಕ್ಕೆ ಒಬ್ಬ ಪ್ರಯಾಣಿಕನೂ ಗೊಣಗಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಆದರೆ ಮೊದಲನೆಯ ಅಪ್ಪಣೆ? ಅದೇ ಹರಳೆಣ್ಣೆಯ ಕಥೆ.

ಅವತ್ತು ಡಾಕ್ಟರು ಮತ್ತೆ ಮೊದಲಿನಿಂದ ಪ್ಲಾಸ್ಟರು ಸುತ್ತಿದರು. ಕೈ ತೊಳೆಯುತ್ತ, “ಇಷ್ಟು ವಾರದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಇನ್ನೊಂದು ಸಲ ಹೀಗಾದರೆ ನನ್ನ ಹತ್ತಿರ ಬರಬೇಡಿ” ಎಂದರು. ದಾರಿಯುದ್ದಕ್ಕೂ ಪಾರ್ವತಿ ತಲೆ ಎತ್ತಲಿಲ್ಲ. ಇದು ಅವ್ವನ ಕೆಲಸವೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಮನೆಗೆ ಬಂದವನೇ ಪಡಸಾಲೆಯಲ್ಲಿ ನಿಂತು ಕೇಳಿದೆ. “ಕೂಸಿನ ಪ್ಲಾಸ್ಟರಿನೊಳಗೆ ಎಣ್ಣೆ ಬಿಟ್ಟೋರು ಯಾರು?”

“ನಾನೇ” ಎಂದಳು ಅವ್ವ. “ಏನೀಗ? ಚರ್ಮ ಒಣಗಿ ಬಿರೀತಿತ್ತು. ಬಿಟ್ಟೆ. ಒಂದೇ ತೊಟ್ಟು.”

“ಒಂದು ತೊಟ್ಟಿಗೆ ಹಿಂಗಾಗಾಕಿಲ್ಲವ್ವ. ಪ್ಲಾಸ್ಟರಿಗೆ ಪ್ಲಾಸ್ಟರೇ ಜಾರಿ ಬಂತು.”

ಪಾರ್ವತಿ ಸಣ್ಣ ದನಿಯಲ್ಲಿ, “ನಾನೂ ಒಂದು ತೊಟ್ಟು ಬಿಟ್ಟಿದ್ದೆ ರೀ. ನವಿಲುಗರಿ ತುದೀನ ಅದ್ದಿ. ಕೆರೆತ ತಾಳಲಾರದೆ ಅಳ್ತಿತ್ತು” ಎಂದಳು.

ಅಡಿಗೆಮನೆಯಿಂದ ಅಕ್ಕನ ದನಿ ಬಂತು. ಅವಳು ಜಗಳೂರಿನ ಹತ್ತಿರದ ಸೊಕ್ಕೆಗೆ ಮದುವೆಯಾಗಿ ಹೋದವಳು. ಬಾಣಂತಿಯನ್ನು ನೋಡಿಕೊಳ್ಳಲು ಬಂದಿದ್ದಳು. “ನಂದೂ ಒಂದೈತೆ ತಮ್ಮ. ಹೊಲದಾಗೆ ಬೆಳೆದ ಹರಳು, ಮನ್ಯಾಗೆ ಕಾಯ್ಸಿದ ಎಣ್ಣೆ. ಸೊಕ್ಕೆಯಿಂದ ಹೊತ್ಕಂಡು ತಂದೋಳು ನಾನು. ನಾನು ಹಾಕ್ದೆ ಬಿಡ್ತೀನಾ?”

ಜಗಲಿಯ ಮೇಲೆ ಅಪ್ಪ ಕೆಮ್ಮಿದರು. “ನಾನು ಎಣ್ಣೆ ಹಾಕಿಲ್ಲ.”

ಸದ್ಯ, ಒಬ್ಬರಾದರೂ ಉಳಿದರಲ್ಲ ಎಂದುಕೊಂಡೆ.

“ತುಪ್ಪ” ಎಂದರು ಅಪ್ಪ.

ಅವ್ವ ಬಾಯಿ ತೆರೆದು ಅವರನ್ನೇ ನೋಡಿದಳು. “ಏನಂದ್ರಿ? ನೀವಾ? ಹೆತ್ತ ಮಕ್ಕಳನ್ನ ಒಂದು ದಿನ ಎತ್ತಿ ಆಡಿಸಿದೋರಲ್ಲ ನೀವು!”

“ನೀವ್ಯಾರೂ ಹಾಕಿಲ್ಲ ಅನ್ಕಂಡೆ ಕಣೇ” ಎಂದರು ಅಪ್ಪ, ಗೋಡೆಯ ಕಡೆ ತಿರುಗಿ.

ಅಷ್ಟು ಹೊತ್ತಿಗೆ ಅಕ್ಕ ಸೌಟು ಹಿಡಿದು ಹೊರಗೆ ಬಂದಿದ್ದಳು. “ಅಲ್ಲಿಗೆ ಕೂಸಿಗೆ ಏನೂ ಹಾಕ್ದೆ ಇದ್ದೋನು ಇವನೊಬ್ಬನೇ. ಹೆತ್ತ ಅಪ್ಪ! ಕರುಳೈತೋ ಇಲ್ಲೋ ನಿಂಗೆ?”

ಎಲ್ಲರೂ ನಕ್ಕರು. ಸಿಟ್ಟಿನಲ್ಲಿದ್ದ ನಾನೂ ನಕ್ಕೆ. ಅವ್ವ ನಗಲಿಲ್ಲ.

“ಕಾಲು?” ಎಂದಳು. “ಮೊದಲಿನಂಗೇ ಆತಾ?”

“ಮೊದಲಿನಂಗೇ.”

“ಡಾಕ್ಟ್ರು ಏನಂದ್ರು?”

ಹೇಳಿದೆ. ಅವಳು ಕಂಬಕ್ಕೆ ಒರಗಿ ಕೂತಳು. ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. “ಬರೋ ಮಂಗಳವಾರ ನಾನೂ ಬರ್ತೀನಿ.”

ಹುಟ್ಟಿದಾಗಿನಿಂದ ಆಸ್ಪತ್ರೆಯ ಮೆಟ್ಟಿಲು ಹತ್ತಿದವಳಲ್ಲ ಅವ್ವ. ಆ ಮಂಗಳವಾರ ಡಾಕ್ಟರ ಮುಂದೆ ಸೆರಗು ಹೊದ್ದು ನಿಂತು ಹೇಳಿದಳು: “ಎಣ್ಣೆ ಬಿಟ್ಟಾಕೆ ನಾನೇ ಸ್ವಾಮಿ. ಮನೆಯಾಗೆ ಬ್ಯಾರೆ ಯಾರೂ ಅಲ್ಲ. ಬೈಯೋದಿದ್ರೆ ನನಗೆ ಬೈರಿ. ಕೂಸಿನ ಕಾಲು ಮಾತ್ರ ಕೈ ಬಿಡಬ್ಯಾಡ್ರಿ.”

ಪಾರ್ವತಿ ಏನೋ ಹೇಳಲು ಹೋದಳು. ಅವ್ವ ಅವಳ ಕೈ ಹಿಡಿದು ಅದುಮಿದಳು.

ಡಾಕ್ಟರು ಬೈಯಲಿಲ್ಲ. “ಯಾಕೆ ಬಿಟ್ಟಿರಿ ಅಜ್ಜಿ?” ಎಂದು ಕೇಳಿದರು.

“ಎರೀದೆ ಕೂಸನ್ನ ಹೆಂಗ್ರೀ ಇಟ್ಕಳೋದು? ಒರೆಸಿದ ಮೈ ತೊಳೆದಂಗೆ ಆಗತೈತಾ? ಊರ ಕೂಸಿಗೆಲ್ಲ ಎರೀತೀನಿ, ನನ್ನ ಕೂಸಿಗೇ ಇಲ್ಲ.”

ಅವರು ಸ್ವಲ್ಪ ಯೋಚಿಸಿದರು. “ನೋಡಿ ಅಜ್ಜಿ, ಹಳೇ ಪ್ಲಾಸ್ಟರು ತೆಗೆದು ಹೊಸದು ಹಾಕೋದರ ನಡುವೆ ಕಾಲು ಖಾಲಿ ಇರುತ್ತಲ್ಲ, ಆಗ ಎರೀರಿ. ಇಲ್ಲೇ, ಹಿಂದಿನ ಜಗಲೀಲಿ. ಬಿಸಿನೀರು ನಾವು ಕೊಡ್ತೀವಿ. ನೀರಿಗೆ ಪ್ಲಾಸ್ಟರೂ ಮೆತ್ತಗಾಗಿ ಬಿಚ್ಚಿಕೊಳ್ಳುತ್ತೆ, ಕತ್ತರಿ ಬೇಕಾಗಲ್ಲ. ಆ ಕಾಲಿಗೆ ಮಾತ್ರ ಎಣ್ಣೆ ಬೇಡ.”

“ಬಾಕಿ ಮೈಗೆ?”

“ನಿಮ್ಮಿಷ್ಟ.”

“ಕಡ್ಲೆಹಿಟ್ಟು?”

“ಹಾಕಿ. ಪೂರ್ತಿ ತೊಳೆದು, ಒರೆಸಿ ಕೊಡಿ.”

ವ್ಯಾಪಾರ ಕುದುರಿತು.

ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಅವ್ವ ಆಸ್ಪತ್ರೆಯ ಹಿಂಬದಿಯ ಕಲ್ಲುಹಾಸಿನ ಮೇಲೆ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಕಾಲು ನೀಡಿ ಕೂತಳು. ನರ್ಸಮ್ಮ ಬಕೆಟ್ಟಿನಲ್ಲಿ ಬಿಸಿನೀರು ತಂದಿಟ್ಟರು. ಅವ್ವ ಮೊಣಕೈಯಿಂದ ನೀರಿನ ಕಾವು ನೋಡಿದಳು. ಮೊದಲು ಪ್ಲಾಸ್ಟರಿನ ಮೇಲೆ ಸುರಿದಳು. ಅದು ನೆಂದು, ತುದಿ ಬಿಟ್ಟು, ಸುರುಳಿ ಸುರುಳಿಯಾಗಿ ಬಿಚ್ಚಿ ಬಂತು. ಒಳಗಿನ ಕಾಲು ಸಣ್ಣಗೆ, ಬೆಳ್ಳಗೆ, ಸುಲಿದ ಕಬ್ಬಿನ ಹಾಗಿತ್ತು. ಹಿಂದೆಲ್ಲ ಕತ್ತರಿ ಕಂಡೊಡನೆ ಕಿರುಚಿ ನೀಲಿಗಟ್ಟುತ್ತಿದ್ದ ಕೂಸು ಅವತ್ತು ಅಜ್ಜಿಯ ಕಾಲ ಮೇಲೆ ಆಕಳಿಸಿತು. ಒರೆಸಿ ಕೊಡುವಷ್ಟರಲ್ಲಿ ನಿದ್ದೆ ಹೋಗಿತ್ತು. ನಿದ್ದೆಯಲ್ಲೇ ಡಾಕ್ಟರು ಪಾದವನ್ನು ತಿರುಗಿಸಿದರು, ಹಿಡಿದರು, ಸುತ್ತಿದರು. ಗೌರಿಗೆ ಎಚ್ಚರವಾಗಲಿಲ್ಲ.

“ಇಷ್ಟು ಚೆನ್ನಾಗಿ ಒಂದು ದಿನವೂ ಕೂತಿರಲಿಲ್ಲ” ಎಂದರು ಡಾಕ್ಟರು, ಪ್ಲಾಸ್ಟರಿನ ಮೇಲೆ ಕೈಯಾಡಿಸುತ್ತ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಎಣ್ಣೆಗೆ ಕಾವಲು ಬಿತ್ತು. ಕಾವಲುಗಾರ್ತಿ ಅವ್ವನೇ. ಅಕ್ಕ ಊರಿಗೆ ಹೊರಟಾಗ ಅವಳು ತಂದಿದ್ದ ಎಣ್ಣೆ ಬಾಟ್ಲಿಯನ್ನೂ ಅವಳ ಜೊತೆಗೆ ಕಳಿಸಿದಳು. ಕೂಸನ್ನು ನೋಡಲು ಬಂದವರು ತೊಟ್ಟಿಲ ಹತ್ತಿರ ಹೋದರೆ, “ಬೆರಳು ಒತ್ರಿ, ನೋಡ್ರಿ, ಹೋಗ್ರಿ. ಕಾಲಿಗೆ ಏನಾರ ಹಚ್ಚೀರಿ ಜೋಕೆ!” ಅಪ್ಪನ ಊಟದ ತುಪ್ಪಕ್ಕೂ ಕೆಲವು ದಿನ ವಿಚಾರಣೆ ನಡೆಯಿತು.

ಗೌರಿ ಪ್ಲಾಸ್ಟರಿನೊಂದಿಗೇ ಬೋರಲಾದಳು. ಪ್ಲಾಸ್ಟರಿನೊಂದಿಗೇ ತೆವಳಿದಳು. ತೊಟ್ಟಿಲಿಗೆ ಅದನ್ನು ಬಡಿದು ಟಕ್ ಟಕ್ ಎನಿಸುವುದನ್ನು ಕಲಿತಳು. “ಯಾರೋ ಬಾಗಿಲು ಬಡೀತಾರೆ ನೋಡು” ಎಂದು ಅಪ್ಪ ದಿನವೂ ಹೇಳುವರು, ದಿನವೂ ಅವಳು ನಗುವಳು. ಬಹಳ ಮಂಗಳವಾರಗಳು ಕಳೆದವು. ಕೆಲವು ವಾರ ಪಾದ ಮುಂದಕ್ಕೆ ಬಂದಿದೆಯೇ ಇಲ್ಲವೇ ಎಂದು ಪಾರ್ವತಿಗೂ ನನಗೂ ಬಸ್ಸಿನಲ್ಲಿ ಜಗಳವಾಗಿದೆ. ಹೆದರಿದವರ ಜಗಳ ಅದು, ಬೇರೆ ಇನ್ನೇನು?

ಈಗ ಯೋಚಿಸಿದರೆ ನಾನು ಯಾರಿಗೆಂದು ಕೈ ಮುಗಿಯಲಿ? ಬಯ್ಯಬಹುದಾಗಿದ್ದಲ್ಲಿ ಬಕೆಟ್ಟು ತರಿಸಿದ ಆ ಡಾಕ್ಟರಿಗೇ? ಏರಿನಲ್ಲಿ ಬೆರಳು ಒತ್ತಿದ, ಹೆಸರೂ ತಿಳಿಯದ ಪ್ರಯಾಣಿಕರಿಗೇ? ನಾಲ್ವರ ತಪ್ಪನ್ನು ಒಬ್ಬಳೇ ಹೊತ್ತು ನಿಂತ ಅವ್ವನಿಗೇ? ಆ ಎಣ್ಣೆಗೂ ಮುಗಿಯಬೇಕೇನೋ. ಒಬ್ಬರಿಗೊಬ್ಬರು ಹೇಳದೆ ಹಾಕಿದ್ದು ಅದರ ದೋಷವಲ್ಲವಲ್ಲ.

ಕಳೆದ ಮಂಗಳವಾರ ಡಾಕ್ಟರು ಹೊಸ ಪ್ಲಾಸ್ಟರು ಹಾಕಲಿಲ್ಲ. ಮಲಗುವಾಗ ಕಟ್ಟಲು ಒಂದು ಪಟ್ಟಿ ಕೊಟ್ಟರು. ಇನ್ನೂ ಬಹಳ ದಿನ ಕಟ್ಟಬೇಕು, ತೋರಿಸುತ್ತಿರಬೇಕು. ಆದರೆ ಹಗಲಿನಲ್ಲಿ ಕಾಲು ಅವಳದು.

ಮರುದಿನ ಗೌರಿ ಅಡಿಕೆ ಮಂಡಿಯ ಗೋಡೆ ಹಿಡಿದು ಎದ್ದು ನಿಂತಳು. ಒಂದು ಹೆಜ್ಜೆ ಇಟ್ಟು, ಕುಕ್ಕರಿಸಿ ಬಿದ್ದಳು. ಓಡಿಹೋಗಿ ಎತ್ತಿಕೊಂಡೆ. ಬಲ ಅಂಗಾಲನ್ನು ತಿರುಗಿಸಿ ನೋಡಿದೆ. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ, ಎಲ್ಲಿಯೂ ಬಿಡದೆ, ಅಡಿಕೆಯ ಕೆಂಪು ಧೂಳು ಹತ್ತಿತ್ತು.

ನಿಮ್ಮ ಮನೆಯ ಕೂಸು ಕಾಲೆಲ್ಲ ಮಣ್ಣು ಮಾಡಿಕೊಂಡು, ಈಗಷ್ಟೇ ಸಾರಿಸಿದ ಪಡಸಾಲೆಗೆ ನುಗ್ಗಿದರೆ, ಬೈಯುವ ಮೊದಲು ಆ ಅಂಗಾಲನ್ನು ಒಮ್ಮೆ ತಿರುಗಿಸಿ ನೋಡುತ್ತೀರಾ?