ಪೆಟ್ಟಿಗಿಂತ ಮುಂಚಿನ ಎರಡು ಹಾಳೆ

ನಿನ್ನೆ ನವರಂಗಪುರದ ನನ್ನ ತರಗತಿಯಲ್ಲಿ, ಚಿತ್ರದ ಹಾಳೆಗಳು ಅಲುಗದಂತೆ ಹಿಡಿಯುವ ಸ್ಟೀಲಿನ ಪಟ್ಟಿಯನ್ನು ಮೇಜಿನಿಂದ ಬಿಚ್ಚುವಾಗ ಅದರ ಅಂಚು ಬೆರಳು ಕೊಯ್ದಿತು. ನನಗೆ ಕಲಿಸಿದ ಮಾಸ್ತರು ನೆನಪಾದರು. ಆಗದೆ ಇರುತ್ತಾರೆಯೇ? ಅಂಥದೇ ಪಟ್ಟಿಯಿಂದ ಅವರು ಹೊಡೆದ ಗುರುತು ನನ್ನ ಗೆಣ್ಣಿನ ಮೇಲೆ ಈಗಲೂ ಇದೆ.

ಆಗ ಅಪ್ಪನನ್ನು ಬ್ಯಾಂಕಿನವರು ಧಾರವಾಡದಿಂದ ವಡೋದರಾಕ್ಕೆ ವರ್ಗ ಮಾಡಿದ್ದರು. ಮನೆ ಮಂಜಲ್‌ಪುರದಲ್ಲಿ. ಫತೇಗಂಜ್‌ನ ಒಂದು ಹೋಟೆಲಿನ ಮಹಡಿಯಲ್ಲಿ ಮಾಸ್ತರು ಕೈಯಿಂದ ಬರೆಯುವ ಆನಿಮೇಷನ್ ಕಲಿಸುತ್ತಿದ್ದರು. ನಮ್ಮ ಕಡೆಯವರೇ. ಆ ಸಲುಗೆ ನನಗೆ ಸಿಕ್ಕಿದ್ದು ಏಟಿನಲ್ಲಿ ಮಾತ್ರ. ಗುಜರಾತಿ ಹುಡುಗರ ಹಾಳೆ ಹರಿಯುತ್ತಿದ್ದರು ಅಷ್ಟೇ, ನನಗೆ ಬಾರಿಸುತ್ತಲೂ ಇದ್ದರು.

ಸೂರತ್‌ನ ಸ್ಟುಡಿಯೋ ಒಂದಕ್ಕೆ ನಾನು ಚಿತ್ರ ಕಳಿಸಬೇಕಿತ್ತು. ಒಬ್ಬ ಇನ್ನೊಬ್ಬನ ಕೆನ್ನೆಗೆ ಹೊಡೆಯುವ ದೃಶ್ಯ. ನನ್ನ ಮೊದಲ ಕೆಲಸ ಅದರ ಮೇಲೆ ನಿಂತಿತ್ತು. ಹಾಳೆಗಳನ್ನು ಬೆರಳ ಸಂದಿಯಲ್ಲಿಟ್ಟು, ಚಿತ್ರ ಚಲಿಸುವಂತೆ ಪಟಪಟನೆ ಮಗುಚಿ ನೋಡಿದ ಮಾಸ್ತರು ಅಷ್ಟನ್ನೂ ಹರಿದರು.

"ಎಲ್ಲೈತಲೇ ತೂಕ? ನೊಣಾ ಹೊಡ್ಯಾಕತ್ತಾನೇನು? ಮೊದಲ ಕೈ ಹಿಂದ ಹೋಗಬೇಕು, ಹೆಗಲ ತಿರಗಬೇಕು..."

ಹೇಳುತ್ತಲೇ ನನ್ನ ಕೆನ್ನೆಗೆ ಹೊಡೆದರು. ತುಟಿ ಒಡೆದು ಹಾಳೆಯ ಮೇಲೆ ರಕ್ತ ಬಿತ್ತು. "ಈಗ ಬರಿ" ಎಂದರು.

ಆ ಮನುಷ್ಯನನ್ನು ಕೊಂದುಬಿಡಬೇಕು ಅನ್ನಿಸಿತ್ತು. ಆ ಸಿಟ್ಟಿನಲ್ಲೇ ಬರೆದೆ. ಕೈ ಹಿಂದೆ ಹೋಯಿತು, ಹೆಗಲು ತಿರುಗಿತು, ಕೆನ್ನೆ ಒಂದು ಹಾಳೆಯಲ್ಲಿ ಚಪ್ಪಟೆಯಾಗಿ ಮರುಹಾಳೆಯಲ್ಲಿ ಉಬ್ಬಿತು.

ಮಾಸ್ತರು ಮಗುಚಿ ನೋಡಿ ಒಂದನ್ನಷ್ಟೇ ತಿದ್ದಿದರು, ಪೆಟ್ಟು ತಿನ್ನುವವನ ಕಣ್ಣು. ಹೊಡೆಯುವವನ ಕೈ ಏಳುವುದಕ್ಕೆ ಎರಡು ಹಾಳೆ ಮೊದಲೇ ಅದನ್ನು ಮುಚ್ಚಿಸಿದರು.

"ಯಾಕ್ರೀ ಸರ್? ಅಂವಾ ಇನ್ನಾ ಕೈನ ಎತ್ತಿಲ್ಲಲ್ರೀ?"

"ದಿನಾ ತಿಂದವಗ ಗೊತ್ತಾಕ್ಕೇತಿ" ಎಂದರು. ದನಿ ಮೆತ್ತಗಿತ್ತು. ಇವರೂ ತಿಂದವರೇ ಎಂದು ನನಗೆ ಆಗ ಹೊಳೆಯಿತು. ಯಾರ ಕೈಯಲ್ಲೋ...

ಕೆಲಸ ಸಿಕ್ಕಿತು. ಮಾಸ್ತರು ತೀರಿಕೊಂಡ ಸುದ್ದಿ ಸೂರತ್‌ಗೆ ಬಂದಾಗ ನಾನು ಹೋಗಲಿಲ್ಲ. ಸಿಟ್ಟು ಆರಿರಲಿಲ್ಲ. ಆಮೇಲೆ ನಾನೂ ಮಾಸ್ತರನಾದೆ. ಉಳಿಪೆಟ್ಟು ಬೀಳದೆ ಕಲ್ಲು ಮೂರ್ತಿಯಾಗದು ಎಂದು ನಾನೂ ಹೇಳುತ್ತಾ ಬಂದೆ, ಹೇಳಿ ಸುಮ್ಮನೂ ಇರಲಿಲ್ಲ.

ನಿನ್ನೆ ಪಟ್ಟಿ ಕೈಯಲ್ಲಿರುವಾಗಲೇ ಒಬ್ಬಳು ವಿದ್ಯಾರ್ಥಿನಿ ಹಾಳೆ ತೋರಿಸಲು ಬಂದಳು. ನಾನು ಅವಳತ್ತ ತಿರುಗಿದೆ, ಅಷ್ಟೇ. ಕೈ ಎತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು.

ಆ ತರಗತಿಯಲ್ಲಿ ಹೊಡೆಯುವವನು ನಾನೊಬ್ಬನೇ.

ಮಾಸ್ತರಿದ್ದಿದ್ದರೆ ಹೋಗಿ ಜಗಳವಾಡುತ್ತಿದ್ದೆ, ಇಲ್ಲವೇ ಅತ್ತುಬಿಡುತ್ತಿದ್ದೆ. ಈಗ ಯಾರ ಮುಂದೆ... ಪಟ್ಟಿಯನ್ನು ಕೆಳಗಿಟ್ಟೆ. ಎರಡೂ ಕೈ ಕಾಣುವಂತೆ ಮೇಜಿನ ಮೇಲಿಟ್ಟುಕೊಂಡು, ಅವಳು ಕಣ್ಣು ತೆರೆಯುವವರೆಗೆ ಕಾದೆ.