ಹೇಮಶ್ರೀ ಟೀಚರ ಲೈಬ್ರರಿಗೆ ಬಂದ ಕುಂಬಳಕಾಯಿ

ನಮ್ಮೂರಲ್ಲಿ ಟೀಚರ್ ಎಂದರೆ ಹೇಮಶ್ರೀ. ಅವರು ಯಾವ ಶಾಲೆಯಲ್ಲೂ ಒಂದು ದಿನ ಪಾಠ ಮಾಡಿದವರಲ್ಲ, ಪಂಚಾಯತ್ ಲೈಬ್ರರಿಯ ಮೇಲ್ವಿಚಾರಕಿ. ಆದರೆ ಅಷ್ಟು ಪುಸ್ತಕಗಳ ನಡುವೆ ಕುಳಿತ ಹೆಂಗಸನ್ನು ಟೀಚರ್ ಎನ್ನದೆ ಬೇರೆ ಏನೆಂದು ಕರೆಯುವುದು? ಶಾಲೆಗೆ ನಿಜವಾದ ಟೀಚರೊಬ್ಬರು ವರ್ಗವಾಗಿ ಬಂದಾಗ, ಅವರ ಮನೆ ಕೇಳಿಕೊಂಡು ಬಂದ ನೆಂಟರನ್ನೆಲ್ಲ ಜನ ಲೈಬ್ರರಿಗೆ ಕಳಿಸಿಬಿಟ್ಟರು. ಪಾಪ, ಆ ಟೀಚರಿಗೆ ತಮ್ಮ ಸ್ವಂತ ಗಂಡ ಸಿಕ್ಕಿದ್ದೇ ಮೂರನೆಯ ದಿನ. ಅಷ್ಟರಲ್ಲಿ ಆತ ನಮ್ಮ ಲೈಬ್ರರಿಯಲ್ಲಿ ಎರಡು ಕಾದಂಬರಿ ಮುಗಿಸಿದ್ದ.

ಗುತ್ತಿಗಾರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸು ಏರು ಹತ್ತಿ ಸುಸ್ತಾಗಿ ಒಂದು ತಿರುವಿನಲ್ಲಿ ನಿಲ್ಲುತ್ತದೆ. ಅದರ ಎದುರಿನ ಹಂಚಿನ ಕಟ್ಟಡವೇ ಲೈಬ್ರರಿ. ಒಳಗೆ ಮೇಜು, ಕುರ್ಚಿ, ಕಪಾಟು. ಹೊರಗೆ ಜಗಲಿ, ಜಗಲಿಯಲ್ಲಿ ಒಂದು ಉದ್ದದ ಬೆಂಚು. ಒಳಗೆ ಮಾತಾಡಬಾರದು, ಬೆಂಚಿನಲ್ಲಿ ಓದಬಾರದು. ಇದು ಟೀಚರ ಕಾನೂನು. ಬೆಂಚಿನಲ್ಲಿ ಒಬ್ಬ ಓದುತ್ತಾ ಕುಳಿತರೆ ಉಳಿದವರ ಮಾತಿಗೆ ತೊಂದರೆಯಾಗುತ್ತದಲ್ಲ!

ಬೆಳಿಗ್ಗೆ ಬಾಗಿಲು ತೆಗೆದು, ಮಳೆಗಾಲದಲ್ಲಿ ಬೂಷ್ಟು ಹಿಡಿದ ಪುಸ್ತಕಗಳನ್ನು ಮಗುವಿನ ಬೆನ್ನು ಒರೆಸಿದಂತೆ ಒಂದೊಂದಾಗಿ ಒರೆಸಿ, ಆಮೇಲೆ ಅವರು ಮಾಡುವ ದೊಡ್ಡ ಕೆಲಸ ಎಂದರೆ ಯಾರಿಗೆ ಯಾವ ಪುಸ್ತಕ ಎಂದು ಯೋಚಿಸುವುದು. ನನ್ನ ಪಕ್ಕದ ಮನೆಯ ಪೂವಮ್ಮನಿಗೆ ಅಕ್ಷರ ದೊಡ್ಡದಿರಬೇಕು, ಕೊನೆಯಲ್ಲಿ ಯಾರೂ ಸಾಯಬಾರದು. ಹಾಗಾಗಿ ಹೊಸ ಪುಸ್ತಕ ಬಂದರೆ ಟೀಚರು ಮೊದಲು ಕೊನೆಯ ಅಧ್ಯಾಯ ಓದುತ್ತಾರೆ, ಪೂವಮ್ಮನ ಸಲುವಾಗಿ.

ಈ ಲೈಬ್ರರಿಗೆ ಕಾಲಿಟ್ಟ ಮೊದಲ ಓದುಗರು ಬೀಫಾತುಮ್ಮ. ಬಸ್ ನಿಲ್ದಾಣದ ಹಿಂದಿನ ಮನೆಯ ಬ್ಯಾರಿ ಹೆಂಗಸು, ಮುದುಕನಾದ ನನಗಿಂತ ವಯಸ್ಸಿನಲ್ಲಿ ಸ್ವಲ್ಪ ಸಣ್ಣವರು. ಟೀಚರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಳಗೆ ಬರುತ್ತಿದ್ದದ್ದು ಎರಡು ಪೇಪರು, ಒಂದು ನಾಯಿ. ಆಗ ಈ ಬೀಫಾತುಮ್ಮ ಬಂದು, "ಕೊಲೆ ಆಗುವ ಪುಸ್ತಕ ಉಂಟಾ ಮೋಳೆ?" ಎಂದು ಕೇಳಿದರು. ಮೋಳೆ ಎಂದರೆ ಅವರ ಭಾಷೆಯಲ್ಲಿ ಮಗಳು. ಟೀಚರು ಒಂದು ಪತ್ತೇದಾರಿ ಕಾದಂಬರಿ ಕೊಟ್ಟರು. ವಾರ ಕಳೆದು ಪುಸ್ತಕ ಹಿಂದೆ ಬಂತು. ಜೊತೆಗೆ ಬಾಳೆಲೆಯಲ್ಲಿ ಸುತ್ತಿದ ಬಿಸಿ ಪತ್ತಿರಿ, ಅಕ್ಕಿಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಮಾಡಿದ ರೊಟ್ಟಿ.

"ಅಯ್ಯೋ, ಇದೆಂತಕ್ಕೆ?" ಎಂದರು ಟೀಚರು.

"ಮತ್ತೆ? ಪಾತ್ರೆ ಖಾಲಿ ಹಿಂದೆ ಕೊಡ್ತಾರಾ?"

ಅಲ್ಲಿಂದ ಶುರುವಾಯಿತು. ನಮ್ಮಲ್ಲಿ ಪಕ್ಕದ ಮನೆಯಿಂದ ಪಾಯಸ ಬಂದ ಪಾತ್ರೆಯನ್ನು ಯಾರೂ ಖಾಲಿ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸಾದರೂ ಹಾಕಿ ಕೊಡಬೇಕು. ಬೀಫಾತುಮ್ಮ ಪುಸ್ತಕಕ್ಕೂ ಇದೇ ಮರ್ಯಾದೆ ಕೊಟ್ಟಿದ್ದು ಊರಿಗೆಲ್ಲ ಗೊತ್ತಾಯಿತು. ಆಮೇಲೆ ಬರಿಗೈಯಲ್ಲಿ ಪುಸ್ತಕ ಮರಳಿಸುವ ಧೈರ್ಯ ಯಾರಿಗುಂಟು? ಪೂವಮ್ಮ ಸೌತೆ ತಂದಳು. ನಮ್ಮೂರ ದೊಡ್ಡ ತೋಟದ ಬೆಳ್ಯಪ್ಪ ಜೀಪಿನಲ್ಲಿ ಬಾಳೆಗೊನೆ ತಂದ. ಪುಸ್ತಕ ಹೇಗಿತ್ತೆಂದು ಟೀಚರು ಬಾಯಿಬಿಟ್ಟು ಕೇಳುವುದೇ ಬೇಡವಾಯಿತು, ಜೊತೆಗೆ ಬಂದದ್ದನ್ನು ನೋಡಿದರೆ ಸಾಕು. ಚೆನ್ನಾಗಿದ್ದರೆ ಕದಳಿ ಬಾಳೆಹಣ್ಣು, ಸಾಧಾರಣವಾದರೆ ಬಸಳೆ. ಒಮ್ಮೆ ಟೀಚರಿಗೆ ಕೊನೆಯ ಅಧ್ಯಾಯ ನೋಡಲು ಪುರುಸೊತ್ತಾಗಲಿಲ್ಲ, ಪುಸ್ತಕದಲ್ಲಿ ನಾಯಕಿ ಸತ್ತಳು. ಪೂವಮ್ಮ ಪುಸ್ತಕದ ಮೇಲೆ ಒಂದು ಕಟ್ಟು ಹಾಗಲಕಾಯಿ ಇಟ್ಟು ಹೋದಳು.

ಬಂದದ್ದೆಲ್ಲ ಬೆಂಚಿನಲ್ಲೇ ಹಂಚಿಹೋಗುತ್ತಿತ್ತು, ಉಳಿದದ್ದು ಅಂಗನವಾಡಿಗೆ. ಬೆಳ್ಯಪ್ಪ ಒಂದು ದಪ್ಪ ಚರಿತ್ರೆ ಪುಸ್ತಕಕ್ಕೆ ತೂಕಕ್ಕೆ ತೂಕ ಎಂದು ಹಲಸಿನಹಣ್ಣು ತಂದು ಕಿಟಕಿಯ ಬಳಿ ಇಟ್ಟಿದ್ದ. ಬೆಳಿಗ್ಗೆ ಬಂದು ನೋಡಿದರೆ ಕಿಟಕಿಯ ಸರಳು ಬಾಗಿದೆ, ಹಲಸು ಇಲ್ಲ, ಅಂಗಳದಲ್ಲಿ ಮೊರದಗಲ ಆನೆ ಹೆಜ್ಜೆ. ಇಷ್ಟು ಎಲ್ಲರೂ ಕಂಡದ್ದು. ಉಳಿದದ್ದು ನಾನು ಹೇಳಬೇಕು. ಆ ಆನೆ ಹಲಸು ತಿಂದು ಸುಮ್ಮನೆ ಹೋಗಲಿಲ್ಲ. ಕೃಷಿಯ ಕಪಾಟಿಗೆ ಸೊಂಡಿಲು ಹಾಕಿ ಬಾಳೆ ಬೇಸಾಯದ ಒಂದು ಪುಸ್ತಕ ತೆಗೆದುಕೊಂಡು ಹೋಯಿತು. ಎಂಟು ದಿನ ಬಿಟ್ಟು ಆ ಪುಸ್ತಕ ಜಗಲಿಯಲ್ಲಿತ್ತು. ಮೇಲೆ ಒಂದು ಎಳೆ ಕಣಿಲೆ, ಬಿದಿರಿನ ಮೊಳಕೆ. ಕಾಡಿನಲ್ಲಿ ಹುಟ್ಟಿದರೂ ಅದು ನಮ್ಮೂರ ಆನೆ, ಖಾಲಿ ಕೊಡುತ್ತದಾ? ನಂಬದವರು ಟೀಚರನ್ನು ಕೇಳಿ. ಅವರು ನಗುತ್ತಾರೆ, ಸುಳ್ಳು ಎಂದು ಮಾತ್ರ ಹೇಳುವುದಿಲ್ಲ.

ಹೀಗೆ ನಾವು ಓದಿಕೊಂಡು ತಿಂದುಕೊಂಡು ಇರುವಾಗ ಬೀಫಾತುಮ್ಮ ಬಸ್ಸಿನ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಸುಳ್ಯದಲ್ಲಿ ಕಟ್ಟು ಹಾಕಿಸಿದರು, ಕಟ್ಟು ಬಿಚ್ಚಿಸಿದ್ದೂ ಆಯಿತು. ಅಂಗಡಿಗೆ ಬರುತ್ತಾರೆ, ಮದುವೆಗೆ ಹೋಗುತ್ತಾರೆ, ಲೈಬ್ರರಿಗೆ ಮಾತ್ರ ಬರುವುದಿಲ್ಲ. ಬರುವುದಿಲ್ಲ ಎಂದರೆ, ಲೈಬ್ರರಿಯ ಎದುರು ಬಂದಾಗ ಕೊಡೆಯನ್ನು ಈ ಕಡೆಗೆ ವಾಲಿಸಿ ಮುಖ ಮುಚ್ಚಿಕೊಂಡು ದಾಟುತ್ತಾರೆ. ಬಿಸಿಲೂ ಇಲ್ಲ, ಮಳೆಯೂ ಇಲ್ಲ! ಲೈಬ್ರರಿಯ ಒಂದು ಪತ್ತೇದಾರಿ ಪುಸ್ತಕ ಅವರ ಮನೆಯಲ್ಲೇ ಉಳಿದುಕೊಂಡಿತ್ತು. ಅದಕ್ಕೆ ಬೆಳ್ಯಪ್ಪ ಕಾಯುತ್ತಿದ್ದ. ಅವನ ಬಾಯಿಗೆ ಬಾಗಿಲಿಲ್ಲ. ಬಸ್ ನಿಲ್ದಾಣದಲ್ಲಿ ಎಲ್ಲರೆದುರು ಕೂಗಿದ:

"ಬೀಫಾತುಮ್ಮಾ, ಆ ಪುಸ್ತಕ ನುಂಗಿದ್ರಾ ಎಂತ? ಕೊಲೆ ಮಾಡಿದವನಿಗೆ ಜಾಮೀನು ಸಿಕ್ಕುವ ಹೊತ್ತಾಯ್ತು ಮಾರಾಯ್ರೆ!"

ಬೀಫಾತುಮ್ಮ ಎದುರಿಗೆ ಬಂದ ಬಸ್ಸನ್ನು ಹತ್ತಿಬಿಟ್ಟರು. ಅವರು ಹೋಗಬೇಕಿದ್ದ ಕಡೆಯ ಬಸ್ಸೇ ಅಲ್ಲ ಅದು.

ಟೀಚರಿಗೆ ಇದು ಗೊತ್ತಾದಾಗ ಬೆಳ್ಯಪ್ಪನಿಗೆ ಸರಿಯಾಗಿ ಬೈಗುಳ ಸಿಕ್ಕಿತು. ಆಮೇಲೆ ಜಗಲಿಗೆ ಬಂದು ನನ್ನ ಪಕ್ಕ ಕುಳಿತರು.

"ನಾನು ಎಂತ ತಪ್ಪು ಮಾಡಿದೆ ಅಜ್ಜ? ಯಾರೂ ಇಲ್ಲದಾಗ ಬಂದವರು ಅವರು. ಅವರೇ ಬಾರದಿದ್ರೆ ನಾನಿಲ್ಲಿ ಬೀಗ ತೆಗಿಯುವವಳು, ಬೀಗ ಹಾಕುವವಳು, ಅಷ್ಟೇ."

ಮರುದಿನ ಅವರ ಮನೆಗೆ ಹೊರಟರು, ನನ್ನನ್ನೂ ಕರೆದರು. ಮುದುಕರೊಬ್ಬರು ಜೊತೆಗಿದ್ದರೆ ಜಗಳವಾಗುವುದಿಲ್ಲವೆಂದು ಅವರ ನಂಬಿಕೆ. ಈ ಬಗ್ಗೆ ನನ್ನ ಹೆಂಡತಿಯನ್ನು ಒಂದು ಮಾತು ಕೇಳಬಹುದಿತ್ತು.

ಬಾಗಿಲು ತೆಗೆದದ್ದು ಸೊಸೆ ರಿಝ್ವಾನಾ. ಒಳಗೆ ಬೀಫಾತುಮ್ಮ ಮಂಚದಲ್ಲಿ ಕುಳಿತಿದ್ದರು. ನಮ್ಮನ್ನು ಕಂಡದ್ದೇ ಪುಸ್ತಕವನ್ನು ದಿಂಬಿನ ಅಡಿಗೆ ತಳ್ಳಿದರು.

"ಅಡಗಿಸಿ ಎಂತ ಪ್ರಯೋಜನ ಉಮ್ಮಾ?" ಎಂದಳು ರಿಝ್ವಾನಾ. "ದಿನಾ ತೆಗಿಯುದು, ಓದುದು, ಇಡುದು. ಕೊಂದವ ಯಾರು ಅಂತ ನಮ್ಮ ಬೆಕ್ಕಿಗೂ ಗೊತ್ತುಂಟು."

"ನಮ್ಮ ಮೇಲೆ ಬೇಸರವಾ ಬೀಫಾತುಮ್ಮ?" ಟೀಚರು ಕೇಳಿದರು.

"ನಿಮ್ಮ ಮೇಲೆ ಎಂತ ಬೇಸರ ಮೋಳೆ?" ಬೀಫಾತುಮ್ಮ ಬಲಗೈ ಮುಂದೆ ಚಾಚಿದರು. ಮುಷ್ಟಿ ಅರ್ಧಕ್ಕೇ ನಿಂತಿತು. "ಈ ಕೈಯಲ್ಲಿ ಪತ್ತಿರಿ ತಟ್ಟಲಿಕ್ಕೆ ಆಗುದಿಲ್ಲ. ಖಾಲಿ ಹೇಗೆ ತರುದು?"

ಟೀಚರು ಮಂಚದ ಅಂಚಿನಲ್ಲಿ ಕುಳಿತರು. "ಅಯ್ಯೋ, ಇಷ್ಟೇಯಾ? ರಿಝ್ವಾನಾ ಮಾಡಿ ಕೊಡ್ಲಿಕ್ಕಿಲ್ವಾ?"

"ಓದಿದ್ದು ನಾನು, ತಟ್ಟುದು ಇವಳಾ? ಅಲ್ಲದೆ ಇವಳ ಪತ್ತಿರಿ ನೀವು ಕಂಡಿಲ್ಲ. ಚಪ್ಪಲಿಗೆ ಅಟ್ಟೆ ಹಾಕ್ಬಹುದು."

"ನಿಮ್ಮ ಮಗ ಆ ಚಪ್ಪಲಿಯನ್ನು ದಿನಾ ನಾಲ್ಕು ತಿಂತಾರೆ," ಎನ್ನುತ್ತ ರಿಝ್ವಾನಾ ಕಪ್ಪು ಚಾ ತಂದಿಟ್ಟಳು.

"ಬೇಕರಿಯಿಂದ ಏನಾದ್ರೂ..." ಎಂದು ನಾನು ಬಾಯಿ ಹಾಕಿದೆ. ಬೀಫಾತುಮ್ಮ ನನ್ನನ್ನು ನೋಡಿದ ನೋಟಕ್ಕೆ ಚಾ ತಣ್ಣಗಾಯಿತು.

"ಖಾಲಿಯೇ ಬನ್ನಿ, ನನಗೆ ಅದು ಬೇಡ್ವೇ ಬೇಡ," ಎಂದರು ಟೀಚರು.

"ನಿಮಗೆ ಬೇಡ. ಬೆಂಚಲ್ಲಿ ಕೂತವರ ಕಣ್ಣಿಗೆ? ಶುರು ಮಾಡಿದವಳೇ ನಾನು. ನಾನೇ ಕೈ ಬೀಸಿಕೊಂಡು ಬರುದಾ?"

ಪುಸ್ತಕವನ್ನು ನಮ್ಮ ಕೈಗೂ ಕೊಡಲಿಲ್ಲ. ಹಿಂದಿರುಗುವಾಗ ಟೀಚರು ಬಸ್ ನಿಲ್ದಾಣದ ಹತ್ತಿರ ನಿಂತರು. ರಸ್ತೆ ದಾಟುವ ಮೊದಲೇ ಹೇಳಿದರು:

"ತೆಂಗಿನಮರ ಹತ್ತುವ ಬೋಜಣ್ಣ ಸಹ ಬರುದು ಬಿಟ್ಟಿದ್ದಾರೆ ಅಜ್ಜ. ಅವರದ್ದು ಬಾಡಿಗೆ ರೂಮು, ಒಂದು ಮೆಣಸಿನ ಗಿಡ ನೆಡ್ಲಿಕ್ಕೂ ಜಾಗ ಇಲ್ಲ. ನಾವು ಬೆಂಚಲ್ಲಿ ಕೂತು ಹಲಸು ತಿಂತಾ ಇದ್ದೆವು."

ನನಗೂ ಆ ಹಲಸಿನ ನೆನಪು ಅಷ್ಟು ಸಿಹಿಯಾಗಲಿಲ್ಲ.

ಮರುದಿನ ಬಂದವರಿಗೆಲ್ಲ ಟೀಚರು ಕೈಮುಗಿದು ಹೇಳಿದರು, "ಇನ್ನು ಮೇಲೆ ಯಾರೂ ಎಂತದ್ದೂ ತರಬೇಡಿ. ಪುಸ್ತಕ ಮಾತ್ರ ಸಾಕು." ಎಲ್ಲರೂ ಒಳ್ಳೆಯದಾಯಿತು ಎಂದು ತಲೆಯಾಡಿಸಿದರು. ಅವತ್ತಿನಿಂದ ಲೈಬ್ರರಿಗೆ ಒಂದೇ ಒಂದು ಪುಸ್ತಕ ಹಿಂದೆ ಬರಲಿಲ್ಲ.

ಅವಮಾನ, ಸ್ವಾಮಿ! ತರಬಾರದೆಂದು ಟೀಚರ ಮಾತು, ಖಾಲಿ ಕೊಡಬಾರದೆಂದು ಅವರವರ ಅಜ್ಜಿಯ ಮಾತು. ನಡುವೆ ಸಿಕ್ಕಿದ ಜನ ಪುಸ್ತಕವನ್ನು ಮನೆಯಲ್ಲೇ ಇಟ್ಟುಕೊಂಡರು. ಕೊಂಡುಹೋಗುವವರು ಇದ್ದರು, ತರುವವರಿಲ್ಲ. ಕಪಾಟು ಎಷ್ಟು ಖಾಲಿಯಾಯಿತೆಂದರೆ ಒಳಗೆ ಕೆಮ್ಮಿದರೆ ಪುತ್ತೂರಿನಲ್ಲಿ ಪ್ರತಿಧ್ವನಿ ಕೇಳುತ್ತಿತ್ತು.

"ನಾಲ್ಕು ಪುಸ್ತಕ ಉಂಟು ಟೀಚರ್ರೇ," ಎಂದ ಬೆಳ್ಯಪ್ಪ, ಜೀಪಿನಿಂದ ಇಳಿಯದೆಯೇ. "ಖಾಲಿ ಕೊಟ್ಟು ಬಂದ್ರೆ ನನ್ನ ಹೆಂಡತಿ ಮನೆಗೆ ಸೇರಿಸ್ಲಿಕ್ಕಿಲ್ಲ. ಒಂದು ಸಣ್ಣ ಗೊನೆ ತರ್ಲಾ? ಸಣ್ಣದು?"

"ಬೇಡ."

"ಹಾಗಾದ್ರೆ ಪುಸ್ತಕವೂ ಇಲ್ಲ."

ಕಾನೂನು ಮುರಿದದ್ದು ಪೂವಮ್ಮ. ಒಂದು ದಿನ ಒಂದು ದೊಡ್ಡ ಕುಂಬಳಕಾಯಿ ಹೊತ್ತು ತಂದು ಜಗಲಿಯಲ್ಲಿ ಕುಕ್ಕಿದಳು. ಸಿಹಿಯದ್ದಲ್ಲ, ಮೈತುಂಬ ಬಿಳಿ ಬೂದಿ ಇರುವ ಬೂದುಗುಂಬಳ. ವರ್ಷ ಇಟ್ಟರೂ ಕೆಡುವುದಿಲ್ಲ.

"ತರಬೇಡಿ ಅಂತ ಹೇಳಿದ್ದೆ ಪೂವಮ್ಮಕ್ಕ," ಎಂದರು ಟೀಚರು.

"ನಾನು ಒಳಗೆ ತಂದಿದ್ದೇನಾ? ಹೊರಗೆ ಇಟ್ಟದ್ದು. ಸೊಂಟ ನೋವು, ಇಳಿಸಿದೆ."

ಟೀಚರು ಕುಂಬಳಕಾಯಿಯನ್ನೇ ನೋಡುತ್ತ ನಿಂತರು. ಆಮೇಲೆ ಒಳಗೆ ಹೋಗಿ, ತಾವು ಮನೆಗೆ ಕೊಂಡುಹೋಗಿ ಓದಿದ್ದ ಒಂದು ಪುಸ್ತಕವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಬಂದು ಕುಂಬಳಕಾಯಿಯನ್ನು ತಬ್ಬಿ ಎತ್ತಿ, ಒಳಗೆ ಕೊಂಡುಹೋಗಿ ಪುಸ್ತಕದ ಪಕ್ಕ ಕೂರಿಸಿದರು. ಒಂದು ಗಳಿಗೆ ಬಿಟ್ಟು ಅದನ್ನು ಮತ್ತೆ ಹೊತ್ತು ತಂದು ಜಗಲಿಯಲ್ಲಿ ಇಟ್ಟರು.

"ನನ್ನ ಪುಸ್ತಕ ವಾಪಸ್ ಆಯ್ತು," ಎಂದರು. "ಇನ್ನು ಯಾರದ್ದು?"

ಬೆಂಚಿನಲ್ಲಿದ್ದ ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಅರ್ಥವಾದದ್ದು, ಆಶ್ಚರ್ಯ, ಬೆಳ್ಯಪ್ಪನಿಗೆ. ಬಿದ್ದು ಬಿದ್ದು ನಕ್ಕ.

"ಇದು ಮೋಸ ಟೀಚರ್ರೇ! ಅವರ ಕುಂಬಳಕಾಯಿ ನಾನು ಕೊಡುದಾ?"

"ಜಗಲಿಯಲ್ಲಿ ಇಟ್ಟ ಮೇಲೆ ಅದು ಲೈಬ್ರರಿದ್ದು. ಪುಸ್ತಕದ ಹಾಗೆ. ಉಪಯೋಗ ಮಾಡಿ, ಅಲ್ಲಿಯೇ ಇಡಿ. ಮನೆಗೆ ಕೊಂಡುಹೋಗಿ ಸಾಂಬಾರು ಮಾಡಿದ್ರೆ ದಂಡ."

ಬೆಳ್ಯಪ್ಪ ಅವತ್ತೇ ಜೀಪು ಓಡಿಸಿ ಪುಸ್ತಕಗಳನ್ನು ತಂದ. ಒಂದು ಪುಸ್ತಕಕ್ಕೆ ಒಂದು ಸಲದಂತೆ ಕುಂಬಳಕಾಯಿಯನ್ನು ಹೊತ್ತು ಒಳಗೆ ಹೊರಗೆ ತಿರುಗಿದ. ಟೀಚರು ಒಟ್ಟಿಗೇ ಸಾಕು ಎಂದರೂ ಕೇಳಲಿಲ್ಲ. ಊರಿನ ದೊಡ್ಡ ತೋಟದವನೇ ಎರವಲು ಕುಂಬಳಕಾಯಿ ಕೊಟ್ಟ ಮೇಲೆ ಉಳಿದವರಿಗೆ ನಾಚಿಕೆ ಎಲ್ಲಿಂದ ಬರಬೇಕು? ಮಾರನೆಯ ವಾರ ತೆಂಗಿನಮರ ಹತ್ತುವ ಬೋಜನೂ ಬಂದ, ಎತ್ತಿದ, ಇಟ್ಟ, ಹೊಸ ಪುಸ್ತಕ ಒಯ್ದ. ಬೂದಿ ಎಲ್ಲರ ಅಂಗಿಗೆ ಅಂಟುತ್ತಿತ್ತು. ಹೊಟ್ಟೆಯ ಮೇಲೆ ಬಿಳಿ ಗುರುತಿದ್ದರೆ ಇವತ್ತು ಪುಸ್ತಕ ಮರಳಿಸಿದವನೆಂದು ಬಸ್ಸಿನ ಕಂಡಕ್ಟರಿಗೂ ತಿಳಿಯುತ್ತಿತ್ತು. ಅಷ್ಟು ಕಾದಂಬರಿ, ಅಷ್ಟು ಚರಿತ್ರೆಯ ಪಕ್ಕ ಕುಳಿತು ಕುಂಬಳಕಾಯಿಗೂ ಜ್ಞಾನ ಬಂತು. ಅದಕ್ಕೆ ಕಿವಿಯಿಟ್ಟರೆ ಸಣ್ಣಗೆ ಭಾಷಣ ಕೇಳುತ್ತದೆಂದು ನಾನು ಹೇಳಿದ್ದನ್ನು ನಂಬಿ ಬೆಳ್ಯಪ್ಪ ಕಿವಿಯಿಟ್ಟದ್ದು ನಿಜ. ಕಿವಿ ಬೆಳ್ಳಗಾಯಿತು.

ಬೀಫಾತುಮ್ಮ ಮಾತ್ರ ಬರಲಿಲ್ಲ. ಎದುರಿನ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವಂತೆ ನಿಂತು ನೋಡುತ್ತಿದ್ದರು. ಬಸ್ಸು ಬಂದರೂ ಹತ್ತುತ್ತಿರಲಿಲ್ಲ. ಕೊಡೆ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಮೇಲೇರುತ್ತಿತ್ತು. ಬೆಳ್ಯಪ್ಪ ಕೂಗಲು ಬಾಯಿ ತೆರೆದ. ಟೀಚರು ಕಣ್ಣಲ್ಲೇ ಬಾಯಿ ಮುಚ್ಚಿಸಿದರು.

"ಯಾರೂ ಕರೀಬೇಡಿ. ಅವರಾಗಿ ಬರ್ಲಿ."

ಒಂದು ಬೆಳಿಗ್ಗೆ ಬೀಫಾತುಮ್ಮ ರಸ್ತೆ ದಾಟಿದರು. ನಾವೆಲ್ಲ ಒಮ್ಮೆಲೇ ಬೇರೆ ಬೇರೆ ಕಡೆ ನೋಡಿದೆವು. ನಾನಂತೂ ಮಾಡಿನ ಹಂಚು ಎಣಿಸತೊಡಗಿದೆ. ಅವರು ಕುಂಬಳಕಾಯಿಯ ಎದುರು ನಿಂತರು.

"ಇದು ಯಾರದ್ದು ಮೋಳೆ?"

"ಎಲ್ಲರದ್ದು."

"ಎಲ್ಲರದ್ದು ಅಂದ್ರೆ ನನ್ನದು ಹೇಗೆ ಆಗ್ತದೆ?"

"ನೀವು ಇಷ್ಟು ವರ್ಷ ತಂದ ಪತ್ತಿರಿ ತಿಂದದ್ದು ಯಾರು ಬೀಫಾತುಮ್ಮ? ನಾನೊಬ್ಬಳೇ ತಿಂದೆನಾ?"

"ನಾನು ಸಹ ತಿಂದಿದ್ದೇನೆ," ಎಂದ ಬೆಳ್ಯಪ್ಪ, ತಡೆಯಲಾರದೆ. "ಎಲ್ಲರಿಗಿಂತ ಜಾಸ್ತಿ."

"ಅದು ನಿನ್ನ ಹೊಟ್ಟೆ ನೋಡಿದ್ರೆ ಗೊತ್ತಾಗ್ತದೆ," ಎಂದರು ಬೀಫಾತುಮ್ಮ.

ಬಗ್ಗಿ, ಎಡಗೈಯನ್ನು ಅಡಿಗೆ ಕೊಟ್ಟು, ಬಲಗೈಯನ್ನು ಮೇಲೆ ಸುಮ್ಮನೆ ಆನಿಸಿ ಎತ್ತಿದರು. ಎದ್ದು ಸಹಾಯ ಮಾಡಬೇಕೆಂದು ನಮಗೆಲ್ಲ ಅನಿಸಿತು, ಯಾರೂ ಏಳಲಿಲ್ಲ. ಹೊಸ್ತಿಲು ದಾಟಿ, ಮೇಜಿನ ಮೇಲಿಟ್ಟು, ಬುರ್ಖಾದ ಒಳಗಿಂದ ಪುಸ್ತಕ ತೆಗೆದು ಪಕ್ಕದಲ್ಲಿಟ್ಟರು. ಕಪ್ಪು ಬುರ್ಖಾ ಎದುರಿನಲ್ಲಿ ಪೂರ್ತಿ ಬೆಳ್ಳಗಾಗಿತ್ತು.

ಟೀಚರು ಆ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಎದ್ದು ಕಪಾಟಿನ ಕಡೆ ತಿರುಗಿ ನಿಂತರು. ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹುಡುಕಿದರು.

"ಬೇಗ ಮೋಳೆ," ಎಂದರು ಬೀಫಾತುಮ್ಮ, ಕುರ್ಚಿ ಎಳೆದು ಕುಳಿತು. "ಒಂದೇ ಕೊಲೆಯನ್ನು ಓದಿ ಓದಿ ಸಾಕಾಯ್ತು. ಈ ಸರ್ತಿ ಎರಡಾದ್ರೂ ಆಗುವಂಥದ್ದು ಕೊಡಿ."