ಗೂಡಿನಿಂದ ಹೊರಬಿದ್ದ ಮೊಟ್ಟೆ

ನಮ್ಮಕ್ಕನಿಗೆ ಬೇರೆಯವರ ಒಡವೆ ಕಂಡರೆ, ಮನೆ ಕಂಡರೆ ಹೊಟ್ಟೆಕಿಚ್ಚು ಬರುವುದಿಲ್ಲ. ಅವಳ ಹೊಟ್ಟೆ ಉರಿಯುವುದು ಮೊಟ್ಟೆಯ ವಿಷಯದಲ್ಲಿ ಮಾತ್ರ. ನಗಬೇಡಿ, ಮೊಟ್ಟೆಗೆ ಬಣ್ಣ ಹಚ್ಚುವುದೇ ಅವಳ ಕೆಲಸ.

ನಮ್ಮದು ಹಕ್ಕಿಗಳ ಬಗ್ಗೆ ಅಧ್ಯಯನ ಮಾಡುವ ಕಚೇರಿ. ಒಳಕೋಣೆಯ ಕಿಟಕಿ ಪಕ್ಕದ ಮೇಜು ಅಕ್ಕನದು. ಗಾಜಿನ ಬಾಗಿಲಿನ ಈಚೆ ಕೂತು ಟೈಪು ಮಾಡುವವಳು ನಾನು, ಅವಳ ತಂಗಿ. ಕೋಗಿಲೆ ಜಾತಿಯ ಹಕ್ಕಿಗಳು ಬೇರೆಯವರ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಗೂಡಿನ ಒಡತಿಯೇನೂ ಪೆದ್ದಿಯಲ್ಲ. ತನ್ನ ಮೊಟ್ಟೆಯ ಬಣ್ಣ, ಚುಕ್ಕೆ ಅವಳಿಗೆ ಗೊತ್ತು. ಅನುಮಾನ ಬಂತೋ, ಕೊಕ್ಕಿನಲ್ಲಿ ಕಚ್ಚಿ ಆಚೆ ಎಸೆಯುತ್ತಾಳೆ. ಯಾವ ಗುರುತು ಹಿಡಿದು ಎಸೆಯುತ್ತಾಳೆ ಎಂದು ತಿಳಿಯುವುದೇ ನಮ್ಮ ಹಕ್ಕಿ ಮೇಷ್ಟ್ರ ಪಾಡು. ಅದಕ್ಕಾಗಿ ಅಕ್ಕ ಪ್ಲಾಸ್ಟರಿನ ಪುಟ್ಟ ಮೊಟ್ಟೆ ಮಾಡಿ, ಬಣ್ಣ ಬಳಿದು, ಚುಕ್ಕೆ ಇಟ್ಟು ಕೊಡುತ್ತಾಳೆ. ಮೇಷ್ಟ್ರು ಅದನ್ನು ಕೆರೆಯಂಚಿನ ಜೊಂಡಿನಲ್ಲಿರುವ ಪುಟ್ಟ ಹಕ್ಕಿಯ ಗೂಡಿಗೆ ಹಾಕಿ ಬರುತ್ತಾರೆ. ಹಕ್ಕಿ ಅದನ್ನು ಉಳಿಸಿಕೊಂಡರೆ ಅಕ್ಕ ದಿನವಿಡೀ ಗುನುಗುತ್ತಿರುತ್ತಾಳೆ. ಎಸೆದರೆ ನಮಗೆಲ್ಲ ಗ್ರಹಚಾರ.

ಅಕ್ಕನ ಮಗಳೂ ಓದು ಮುಗಿಸಿ ಅದೇ ಕೋಣೆಗೆ ಕೆಲಸಕ್ಕೆ ಸೇರಿದಳು. ಪ್ಲಾಸ್ಟರ್ ಕಲಸುವುದು, ಅಚ್ಚಿಗೆ ಹುಯ್ಯುವುದು, ಉಜ್ಜಿ ನುಣುಪು ಮಾಡುವುದು ಅವಳ ಪಾಲಿನದು. ಭಾವ ತೀರಿಕೊಂಡ ಮೇಲೆ ಅಕ್ಕನಿಗೆ ಇರುವವಳು ಅವಳೊಬ್ಬಳೇ. ನಾನು ಮದುವೆ ಆಗಲಿಲ್ಲ. ಪಕ್ಕದ ಬೀದಿಯಲ್ಲಿ ಮಹಡಿ ಮೇಲಿನ ಒಂದು ಮನೆಯಲ್ಲಿ ಒಂಟಿ. ಸಂಜೆ ತಾಯಿ ಮಗಳು ಒಂದೇ ಕೊಡೆಯಡಿ ಅಂಟಿಕೊಂಡು ಹೋಗುವುದನ್ನು ಕಂಡರೆ ನನಗೂ ಒಳಗೊಳಗೇ ಚುರ್ರೆನ್ನುತ್ತಿತ್ತು. ಸುಳ್ಳು ಯಾಕೆ ಹೇಳಲಿ?

ಅಷ್ಟರಲ್ಲಿ ಮೊಟ್ಟೆಗೆ ಬಣ್ಣ ಹಚ್ಚುವ ಕೆಲಸಕ್ಕೇ ಗೊಂಬೆಯಮ್ಮ ಬಂದಳು. ಆಟಿಕೆ ಕಾರ್ಖಾನೆಯಲ್ಲಿ ಗೊಂಬೆಗಳಿಗೆ ಕಣ್ಣು ಬರೆಯುತ್ತಿದ್ದವಳು. ಆ ಹೆಸರಿಟ್ಟಿದ್ದು ಅಕ್ಕನೇ. ಬಂದ ಹೊಸದರಲ್ಲೇ ಅವಳ ಮೊಟ್ಟೆ ಗೂಡಿನಲ್ಲಿ ಉಳಿಯಿತು, ಅಕ್ಕನದು ಕೆಸರಿಗೆ ಬಿತ್ತು.

"ಆ ಹಕ್ಕಿಗೆ ಕಣ್ಣು ನೆಟ್ಟಗಿಲ್ಲ," ಎಂದಳು ಅಕ್ಕ.

ಮಗಳು ಸುಮ್ಮನಿರಬಾರದೇ? "ಹಾಗಲ್ಲಮ್ಮ, ಅವರು ಬಣ್ಣ ಒಣಗೋಕೆ ಮುಂಚೆನೇ ಚುಕ್ಕೆ ಇಡ್ತಾರೆ. ಅದಕ್ಕೇ ಚುಕ್ಕೆ ಒಳಗಿಂದಾನೇ ಬಂದಂಗೆ ಕಾಣುತ್ತೆ. ನಂಗೂ ಹೇಳ್ಕೊಟ್ರು."

ಮುಗಿಯಿತು! ಅಕ್ಕ ಕುಂಚವನ್ನು ಮೇಜಿನ ಮೇಲೆ ಕುಕ್ಕಿದಳು. "ಹೌದಾ? ಹಾಗಿದ್ರೆ ಅವಳ ಮನೆಗೇ ಹೋಗಿ ಬಿದ್ಕೋ. ನಿನ್ನ ನನ್ನ ಮಗಳು ಅಂದ್ಕೊಂಡಿದ್ದೇ ತಪ್ಪು."

ಮಗಳ ಸಿಟ್ಟೇನು ಕಡಿಮೆಯೇ, ಅಕ್ಕನ ಹೊಟ್ಟೆಯಲ್ಲೇ ಹುಟ್ಟಿದ್ದಲ್ಲವೇ? ಆ ಸಂಜೆಯೇ ಬ್ಯಾಗು ಹಿಡಿದು ನನ್ನ ಮನೆಗೆ ಬಂದಳು. "ಚಿಕ್ಕಮ್ಮ, ಇನ್ನು ಇಲ್ಲೇ ಇರ್ತೀನಿ."

"ಅಯ್ಯೋ, ನಿಮ್ಮಮ್ಮನ ಬಾಯಿ ನಿಂಗೆ ಗೊತ್ತಿಲ್ವಾ," ಎಂದು ಬಾಯಿಮಾತಿಗೆ ಹೇಳಿದೆ. ಮನಸ್ಸಿನಲ್ಲಿ ಕುಣಿಯುತ್ತಿದ್ದೆ. ಹಾಸಿಗೆಗೆ ಹೊಸ ಹೊದಿಕೆ ಹಾಸಿದೆ, ಊಟಕ್ಕೆ ಎರಡನೇ ತಟ್ಟೆ ತೆಗೆದೆ. ಬೆಳಿಗ್ಗೆ ಕಚೇರಿಗೆ ಹೋಗಿ ಅಕ್ಕನ ಮುಂದೆ, "ನಿನ್ನ ಮಗಳು ಎರಡೆರಡು ಸಲ ಬಡಿಸ್ಕೊಂಡು ತಿಂದ್ಲು ಕಣೇ," ಎಂದೆ. ಅಕ್ಕನ ಮುಖ ಬಿಗಿಯಿತು. ನನಗೆ ಹಾಯೆನಿಸಿತು.

ತಾಯಿ ಮಗಳು ಅದೇ ಕೋಣೆಯಲ್ಲಿ ಬೆನ್ನು ತಿರುಗಿಸಿ ಕೂರತೊಡಗಿದರು. ಅಕ್ಕ ಗೊಂಬೆಯಮ್ಮನ ಜೊತೆ ಕಾಲು ಕೆರೆದು ಜಗಳ ತೆಗೆಯುತ್ತಿದ್ದಳು. ಕೊನೆಗೆ ಮೇಷ್ಟ್ರಿಗೆ ತಲೆಕೆಟ್ಟಿತು. "ಒಂದೇ ಗೂಡಿಗೆ ನಿಮ್ಮಿಬ್ಬರದ್ದೂ ಹಾಕ್ತೀನಿ. ಪಕ್ಕದಲ್ಲಿ ಹತ್ತಿ ತುಂಬಿದ ಕೋಗಿಲೆ ಇಡ್ತೀನಿ. ಶತ್ರು ಕಂಡ ಹಕ್ಕಿ ಇನ್ನೂ ಹುಷಾರಾಗಿರುತ್ತೆ. ಅದೇ ತೀರ್ಮಾನ ಮಾಡ್ಲಿ."

ಕೆಲವು ದಿನ ಕಳೆದು ಮೇಷ್ಟ್ರು ಕೆಸರಿನ ಬೂಟಿನಲ್ಲೇ ಒಳಗೆ ಬಂದರು. ಕೈಯಲ್ಲೊಂದು ಡಬ್ಬಿ, ಅದರೊಳಗೆ ಹತ್ತಿಯ ಮೇಲೆ ಒಂದು ಮೊಟ್ಟೆ.

"ಇದೊಂದು ಗೂಡಿಂದಾಚೆ ಬಿದ್ದಿತ್ತು..."

"ನಂದಲ್ಲ," ಎಂದಳು ಗೊಂಬೆಯಮ್ಮ ತಟ್ಟನೆ.

"ನಿಂದಲ್ದೆ ಇನ್ಯಾರದು?" ಅಕ್ಕ ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ನೋಡಿದಳು, ಮುಟ್ಟಲೂ ಅವಳಿಗೆ ಅಸಹ್ಯ. "ನೋಡಿ ಎಲ್ರೂ. ಚುಕ್ಕೆನಾ ಇದು, ನೊಣ ಕೂತಂಗಿದೆ! ಬಣ್ಣ ಬೇರೆ ಪಾತ್ರೆ ತೊಳೆದ ನೀರಿನ ಹಾಗೆ. ಯಾವ ತಾಯಿ ತಾನೇ ಇದನ್ನ ತನ್ನದು ಅಂತಾಳೆ?"

"ಒಂದ್ನಿಮಿಷ ಕೇಳಿಮ್ಮ..."

"ನೀವು ಸುಮ್ನಿರಿ ಮೇಷ್ಟ್ರೇ! ಹಕ್ಕಿ ಸರಿಯಾಗೇ ಎಸೆದಿದೆ. ನಾನಾಗಿದ್ರೂ ಎಸೀತಿದ್ದೆ."

ಅಕ್ಕನ ಮಾತು ಮುಗಿಯುವವರೆಗೂ ಮೇಷ್ಟ್ರು ಕಾದರು. "ನೀವಿಬ್ರು ಮಾಡಿದ್ದೂ ಗೂಡಲ್ಲೇ ಇದಾವೆ. ಹಕ್ಕಿ ಅವುಗಳ ಮೇಲೆ ಕೂತಿದೆ. ಇದು ಅದರದ್ದೇ ಮೊಟ್ಟೆ. ಕೋಗಿಲೇನ ನೋಡಿ ಅನುಮಾನ ಹತ್ಕೊಂಡಿದೆ. ಅನುಮಾನ ಹತ್ಕೊಂಡ್ರೆ ಒಂದೊಂದ್ಸಲ ತನ್ನದನ್ನೇ ಎಸೆದುಬಿಡುತ್ತೆ."

ಅಕ್ಕ ಡಬ್ಬಿಯಿಂದ ಮೊಟ್ಟೆಯನ್ನೆತ್ತಿ ಅಂಗೈಯಲ್ಲಿಟ್ಟುಕೊಂಡಳು. ಪ್ಲಾಸ್ಟರಿನ ಭಾರವಿಲ್ಲ. ಒಂದು ಬದಿಯಲ್ಲಿ ಕೂದಲೆಳೆಯಂಥ ಬಿರುಕು. ಅವಳು ತಲೆಯೆತ್ತಿ ಮಗಳ ಕಡೆ ನೋಡಿದಳು. ಮಗಳು ತೊಟ್ಟಿಯ ಹತ್ತಿರ ನಿಂತು ಕೈಗಂಟಿದ ಪ್ಲಾಸ್ಟರನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು, ತಿರುಗಿ ನೋಡಲಿಲ್ಲ. ಮುಂದೇನಾಗುತ್ತದೆಂದು ನನಗೆ ತಿಳಿದುಹೋಯಿತು.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಅಕ್ಕ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತಿದ್ದಳು.

"ಎಲ್ಲಿ ಅವಳು?"

"ಊಟ ಮಾಡ್ತಿದಾಳೆ. ಅರ್ಧಕ್ಕೆ ಎಬ್ಬಿಸ್ಬೇಡ," ಎಂದೆ. ಬಾಗಿಲಿಗೆ ಅಡ್ಡವಾಗಿ ನಿಂತಿದ್ದೆ, ಸರಿಯಲಿಲ್ಲ.

ಅಕ್ಕ ನನ್ನ ಜೊತೆ ವಾದಕ್ಕಿಳಿಯಲಿಲ್ಲ. ನನ್ನ ಹೆಗಲ ಮೇಲಿಂದಲೇ ಒಳಗೆ ಕೂಗಿದಳು, "ನಂದು ತಪ್ಪಾಯ್ತು ಕಣೇ. ಮನೆಗೆ ಬಾ."

ಮಗಳು ಕೈಯನ್ನೂ ತೊಳೆಯದೆ ಎದ್ದು ಬಂದಳು. ನಾನು ಸರಿಯಬೇಕಾಯಿತು. ಬ್ಯಾಗು ಹೆಗಲಿಗೇರಿಸಿಕೊಂಡು, "ಚಿಕ್ಕಮ್ಮ, ನಾಳೆ ಬರ್ತೀನಿ," ಎಂದಳು. ಇಬ್ಬರೂ ಇಳಿದುಹೋದರು. ಮೆಟ್ಟಿಲ ತಿರುವಿನಿಂದ ಅಕ್ಕನ ದನಿ ಕೇಳಿಸಿತು: "ಆ ಹಸಿ ಬಣ್ಣದ ಮೇಲೆ ಚುಕ್ಕೆ ಹೆಂಗಿಡೋದು, ಮನೇಲಿ ತೋರ್ಸು. ಗೊಂಬೆಯಮ್ಮಂಗೆ ಮಾತ್ರ ಹೇಳ್ಬೇಡ ಮತ್ತೆ!" ಮಗಳು ಜೋರಾಗಿ ನಕ್ಕಳು. ನನ್ನ ಮನೆಯಲ್ಲಿದ್ದಷ್ಟು ದಿನ ಅವಳು ಹಾಗೆ ಒಮ್ಮೆಯೂ ನಕ್ಕಿರಲಿಲ್ಲ.

ಬಾಗಿಲು ಹಾಕಿಕೊಂಡೆ. ಅವಳು ಅರ್ಧ ತಿಂದು ಬಿಟ್ಟ ತಟ್ಟೆಯನ್ನು ತೊಳೆದು ಒರೆಸಿದೆ. ಕಪಾಟಿನಲ್ಲಿ ಎತ್ತಿಡಲಿಲ್ಲ, ನನ್ನ ತಟ್ಟೆಯ ಪಕ್ಕ ಮೇಜಿನ ಮೇಲೆಯೇ ಇಟ್ಟೆ. ನಾಳೆ ಬರ್ತೀನಿ ಅಂದಿದ್ದಾಳಲ್ಲ.